ಹ್ಯೂಬ್ರಿಸ್ಸಿಗೊಂದು ಅಂಬೊಡೆ ದಂಡ

"ಹ್ಯೂಬ್ರಿಸ್ ಕಣೋ! ಶುದ್ಧ ಹ್ಯೂಬ್ರಿಸ್!" ಅಂದ ನಾಣಿ, ಫೋನಿನಿಂದ ಕಣ್ಣೆತ್ತದೆ.

"ಯಾರಿಗಂತೆ? ಅಡ್ಮಿಟ್ ಮಾಡಿದಾರಾ?" ಅಂದ ಗುಂಡ.

ಭಾನುವಾರ ಸಂಜೆ ನಾಲ್ಕೂವರೆ, ಪದ್ದಕ್ಕನ ತಾರಸಿ. ಅಂಬೊಡೆ ಇನ್ನೂ ಕೆಳಗೆ ಬಾಣಲೆಯಲ್ಲಿತ್ತು. ಸಬ್ಬಸಿಗೆ ಸೊಪ್ಪಿನ ವಾಸನೆ ಮಾತ್ರ ಮುಂಚೆಯೇ ಮೆಟ್ಟಿಲು ಹತ್ತಿ ಬಂದು ನಮ್ಮ ಪಕ್ಕ ಕೂತಿತ್ತು.

"ಕಾಯಿಲೆ ಅಲ್ಲವೋ, ಗ್ರೀಕ್ ಪದ. ಮಿತಿಮೀರಿದ ಅಹಂಕಾರ ಅಂತ. ನಮ್ಮ ಹಳೇ ಕಂಪನಿ ಬಾಗಿಲು ಹಾಕ್ತಲ್ಲ, ಅದರ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಬರೆದೆ. ಒಂದೇ ಪದ, ಒಂದು ಫುಲ್‌ಸ್ಟಾಪು. 400 ಲೈಕು!"

ಶಾಮಣ್ಣ ಕನ್ನಡಕ ಒರೆಸುತ್ತಾ ಕೇಳಿದರು: "ಹೋದ ಯುಗಾದಿ ಹೊತ್ತಿಗೆ ಅದೇ ಯಜಮಾನನನ್ನ ವಿಷನರಿ ಅಂತ ಬರೆದಿದ್ದೆಯಲ್ಲ, ಅದಕ್ಕೆಷ್ಟು ಬಿದ್ದಿತ್ತು?"

"600," ಅಂದ ನಾಣಿ, ಸ್ವಲ್ಪ ಸಣ್ಣ ದನಿಯಲ್ಲಿ.

"ಮನುಷ್ಯ ಅವನೇ, ಅಂಗಿ ಅದೇ, ಮಾತಾಡೋ ಧಾಟಿಯೂ ಅದೇ. ಬದಲಾಗಿದ್ದು ಬ್ಯಾಂಕಿನ ಬ್ಯಾಲೆನ್ಸು. ಗೆದ್ದರೆ ಛಲ, ಬಿದ್ದರೆ ಹ್ಯೂಬ್ರಿಸ್ಸು. ಚುನಾವಣೆ ಸೋತರೆ ಹ್ಯೂಬ್ರಿಸ್ಸು, ಮ್ಯಾಚ್ ಸೋತರೆ ಹ್ಯೂಬ್ರಿಸ್ಸು, ಸಿನಿಮಾ ಮೂರು ದಿನಕ್ಕೆ ಎತ್ತಂಗಡಿಯಾದರೂ ಅದೇ. ಮೊನ್ನೆ ನಮ್ಮ ಬೀದಿ ಗಣಪತಿಗೆ ಚಂದಾ ಕಮ್ಮಿ ಬಿತ್ತು ಅಂತ ಕಮಿಟಿ ಹುಡುಗನೊಬ್ಬ ಖಜಾಂಚಿಗೆ ಇದೇ ಪದ ಅಂದ. ಖಜಾಂಚಿ ಬೈಗುಳ ಅಂದ್ಕೊಂಡು ಕೊರಳಪಟ್ಟಿ ಹಿಡಿದ. ನನ್ನ ಕೇಳಿದರೆ, ಅಷ್ಟು ಜನದಲ್ಲಿ ಪದದ ಅರ್ಥ ಸರಿಯಾಗಿ ಗೊತ್ತಿದ್ದೋನು ಆ ಖಜಾಂಚಿ ಒಬ್ಬನೇ."

ಶಾಮಣ್ಣ ಶಿರಸ್ತೇದಾರಿಕೆಯಿಂದ ರಿಟೈರಾದ ಮೇಲೂ ಕೋರ್ಟು ಬಿಟ್ಟಿಲ್ಲ. ಈಗ ಹಳೇ ಗ್ರೀಸಿನ ಅಥೆನ್ಸ್ ಪಟ್ಟಣದ ಕೋರ್ಟಿಗೆ ಹೋಗುತ್ತಾರೆ, ಅಷ್ಟೆ. ಬೆಳಗ್ಗೆ ಕಾಫಿ ಆದಮೇಲೆ ಒಂದು ದಪ್ಪ ಪುಸ್ತಕ ಬಿಚ್ಚಿದರೆ ಮಧ್ಯಾಹ್ನದ ಊಟದವರೆಗೂ ಅಲ್ಲಿನ ವಾದ ಪ್ರತಿವಾದ.

ಪದ್ದಕ್ಕ ತಟ್ಟೆ ಹಿಡಿದು ಬಂದರು. ತಲೆಗೆ ಐದೈದು ಹಂಚಿ, "ಅದೇನು ಪದಾನೋ, ಕೆಳಗಡೆವರೆಗೂ ಕೇಳಿಸ್ತು. ಇವತ್ತಿಂದ ಕಾನೂನು. ಆ ಪದಾನ ತಪ್ಪಾಗಿ ಆಡಿದೋರ ತಟ್ಟೆಯಿಂದ ಒಂದು ಅಂಬೊಡೆ ದಂಡ. ದಂಡ ಗುಂಡನ ತಟ್ಟೆಗೆ."

"ಅವನಿಗ್ಯಾಕೆ?" ನಾಣಿ ಹಾರಿಬಿದ್ದ.

"ಅವನಿಗೆ ಆ ಪದ ಬಾಯಲ್ಲೇ ಹೊರಳಲ್ಲ. ಹಾಗಾಗಿ ನಿಷ್ಪಕ್ಷಪಾತಿ."

"ಯಾಕೆ ಹೊರಳಲ್ಲ? ಹೈಬ್ರಿಡ್ಡು ತಾನೆ? ನಿಮ್ಮ ನುಗ್ಗೆಮರದ ಥರ," ಅಂತ ಗುಂಡ ತಾರಸಿಯ ಮೇಲೆ ಅರ್ಧ ಬಗ್ಗಿ ನಿಂತಿದ್ದ ಮರ ತೋರಿಸಿದ. ನೀರಿನ ಟ್ಯಾಂಕು ಮುಚ್ಚಿಹೋಗುವಷ್ಟು ಸೊಪ್ಪು. ಕಾಯಿ ಅಂತ ಒಂದೂ ಇಲ್ಲ.

ಶಾಮಣ್ಣ ಗಂಭೀರವಾದರು. "ಗುಂಡ, ನೀನು ಅರ್ಧ ಸರಿ. ಹೈಬ್ರಿಡ್ ಬಂದಿದ್ದು ಲ್ಯಾಟಿನ್ನಿನ 'ಇಬ್ರಿಡ'ದಿಂದ. ಸಾಕಿದ ಹೆಣ್ಣುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಗೆ ಹಾಗನ್ನೋರು. ಆಮೇಲೆ ಯಾರೋ ಪಂಡಿತರು ಇದು ಗ್ರೀಕ್ ಪದದ ಸಂಬಂಧಿ ಇರಬೇಕು ಅಂದ್ಕೊಂಡು ಕಾಗುಣಿತ ತಿದ್ದಿದರು ಅಂತಾರೆ. ಹಂದಿಗೆ ಇಲ್ಲದ ಕುಲಗೋತ್ರ ಅಂಟಿಸಿದ ಹಾಗೆ."

"ಸರಿಯಾಗಿ ಹೇಳೋದು ಹೆಂಗೆ ಹಾಗಾದ್ರೆ?" ಅಂತ ನಾನು ಕೇಳಿದೆ. ಕೇಳುವಾಗ ಆ ಪದ ಆಡದ ಹಾಗೆ ಎಚ್ಚರ ವಹಿಸಿದೆ. ಐದು ಅಂಬೊಡೆ ಇಟ್ಕೊಂಡು ಯಾರು ಅಪಾಯ ತಗೋತಾರೆ?

"ಹಳೇ ಗ್ರೀಕಲ್ಲಿ ತುಟಿ ಮುಂದೆ ಮಾಡಿ 'ಹ್ಯುಬ್ರಿಸ್'. ಇವತ್ತಿನ ಗ್ರೀಕರು 'ಇವ್ರಿಸ್' ಅಂತಾರೆ."

"ಇವ್ರು ಅಂತಲಾ?" ಪದ್ದಕ್ಕ ತಟ್ಟೆ ಕೆಳಗಿಟ್ಟು ನಕ್ಕರು. "ಅಹಂಕಾರಕ್ಕೆ ನಮ್ಮನೇಲೂ ನಲವತ್ತು ವರ್ಷದಿಂದ 'ಇವ್ರು' ಅಂತಲೇ ಹೇಳೋದು."

ಕೆಳಗೆ ಪೇಪರ್ ಮಗುಚಿದ ಸದ್ದು ಕೇಳಿಸಿತು. 'ಇವ್ರು' ಎಚ್ಚರವಾಗಿದ್ದರು.

ನಾಣಿ ಅಷ್ಟರಲ್ಲಿ ಫೋನಿನಲ್ಲಿ ಏನೋ ಹಿಡಿದಿದ್ದ. "ನೋಡಿ, ಇಲ್ಲೊಂದು ಫಾರ್ವರ್ಡು ಬಂದಿದೆ. ಹ್ಯೂಬ್ರಿಸ್ ಮೂಲ ಕನ್ನಡದ 'ಉಬ್ಬರಿಸು' ಅಂತೆ! ಉಬ್ಬು, ಉಬ್ಬರ, ಉಬ್ಬರಿಸ್. ಗ್ರೀಕರು ನಮ್ಮಿಂದ ಕದ್ದಿದ್ದು. ಈಜಿಪ್ಟಲ್ಲಿ ಸಿಕ್ಕಿದ ಗ್ರೀಕ್ ನಾಟಕದಲ್ಲೂ ಕನ್ನಡ ಇದೆಯಂತಲ್ಲ?"

ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ನಾನಂತೂ ಒಂದು ಕ್ಷಣ ನಂಬಿದೆ. ಶಾಮಣ್ಣ ಅಂಬೊಡೆ ಮುರಿದು, ಒಳಗಿನ ಕಡ್ಲೆಬೇಳೆ ಬೆಂದಿದೆಯಾ ನೋಡಿ, ನಿಧಾನವಾಗಿ ಹೇಳಿದರು:

"ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ಅದು, ಜೊಂಡಿನ ಹಾಳೆ. ಒಂದು ಪ್ರಹಸನ. ಹಿಂದೂಸ್ಥಾನದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿ, ದೊರೆಗೆ ಕುಡಿಸಿ ಮತ್ತೇರಿಸಿ ಅವಳನ್ನ ಹಡಗು ಹತ್ತಿಸ್ತಾರೆ. ಅದರಲ್ಲಿ ದೊರೆಯ ಕಡೆಯೋರು ಆಡೋ ಮಾತು ಕನ್ನಡ ಅಂತ ಹುಲ್ಷ್ ಅನ್ನೋ ಜರ್ಮನ್ ಪಂಡಿತ 1904ರಲ್ಲಿ ಬರೆದ. ಹೌದು ಅನ್ನೋರು, ಅಲ್ಲ ಅನ್ನೋರು ಇವತ್ತಿಗೂ ಜಗಳ ಆಡ್ತಿದ್ದಾರೆ. ಇರಲಿ. ಆ ಪ್ರಹಸನಕ್ಕೆ ಏಳೆಂಟು ನೂರು ವರ್ಷ ಮುಂಚೆಯೇ ಹೋಮರನ ಕಾವ್ಯದಲ್ಲಿ ಈ ಪದ ಇದೆ. ಗಂಡ ಊರಲ್ಲಿಲ್ಲದ ಮನೆಗೆ ನುಗ್ಗಿ ಕೂತು, ಅವರ ದನ ಕೊಯ್ದು ತಿಂತಾ, ಹೆಂಡತಿಯನ್ನ ಮದುವೆಯಾಗು ಅಂತ ಪೀಡಿಸ್ತಾ, ಬಾಗಿಲಿಗೆ ಬಂದ ಭಿಕ್ಷುಕನ ಮೇಲೆ ಕಾಲ್ಮಣೆ ಎಸೆದ 108 ಜನ ಪುಂಡರಿಗೆ ಅಂತಲೇ ಮೀಸಲಿಟ್ಟ ಹಾಗೆ ಬಳಸಿದಾನೆ. ಕನ್ನಡ ಕದಿಯೋಕೆ ಅವನಿಗೆ ಪುರುಸೊತ್ತಿರಲಿಲ್ಲ. ನಾಣಿ, ಒಂದು ಅಂಬೊಡೆ."

ಗುಂಡ ತಟ್ಟೆ ಮುಂದೆ ಚಾಚಿದ. ಆರಾಯಿತು.

"ಹಾಗಾದ್ರೆ ನೀವೇ ಹೇಳಿ," ನಾಣಿಗೆ ರೇಗಿತ್ತು. "ಎಲ್ಲಾ ಕಡೆ ಇದೇ ಇದೆ. ಮನುಷ್ಯ ದೇವರಿಗೇ ಸಮ ಅಂದ್ಕೊಂಡು ಮೇಲಕ್ಕೆ ಹಾರ್ತಾನೆ, ಬೀಳ್ತಾನೆ. ಇಕಾರಸ್! ಗ್ರೀಕ್ ಕಥೆಯ ಹುಡುಗ. ಮೇಣದ ರೆಕ್ಕೆ ಕಟ್ಕೊಂಡು ಸೂರ್ಯನ ಹತ್ತಿರ ಹಾರಿದ, ಮೇಣ ಕರಗಿ ಸಮುದ್ರಕ್ಕೆ ಬಿದ್ದ. ಹ್ಯೂಬ್ರಿಸ್ ಅಂದ್ರೆ ಅದೇ."

"ಇಕಾರಸ್ ಯಾರಿಗೆ ಅವಮಾನ ಮಾಡಿದ?"

"ಅಂದ್ರೆ?"

"ಯಾರ ಮುಖಕ್ಕೆ ಉಗಿದ? ಯಾರ ಪಂಚೆ ಎಳೆದ? ಸೂರ್ಯನಿಗೇನಾಯ್ತು? ಅಪ್ಪ ಮೇಲೆ ಹೋಗಬೇಡ ಅಂದ, ಮಗ ಹೋದ. ಇದಕ್ಕೆ ಗ್ರೀಕ್ ಪದ ಯಾಕೆ? ಪ್ರತಿ ಮನೇಲೂ ಬೈಕ್ ಇಟ್ಕೊಂಡಿರೋ ಒಬ್ಬ ಇಕಾರಸ್ ಇದಾನೆ. ಇನ್ನೊಂದು ಅಂಬೊಡೆ."

ನಾಣಿ ಸೋಲುವ ಆಸಾಮಿ ಅಲ್ಲ. ಜರ್ಕ್ಸಿಸ್‌ನನ್ನು ಎಳೆದು ತಂದ. ಪರ್ಷಿಯಾದ ಆ ದೊರೆ ಸಮುದ್ರಕ್ಕೇ ಛಡಿಯೇಟು ಹೊಡೆಸಿದನಲ್ಲ, ಅದೂ ಅಲ್ಲ ಅಂತೀರಾ?

"ಕ್ರಿ.ಪೂ. 480ರ ದಂಡಯಾತ್ರೆ," ಶಾಮಣ್ಣ ಕಣ್ಣು ಮುಚ್ಚಿ ಫೈಲು ನೆನಪು ಮಾಡಿಕೊಂಡವರಂತೆ ಶುರುಮಾಡಿದರು. "ಹೆಲೆಸ್ಪಾಂಟ್ ಜಲಸಂಧಿಗೆ ಸೇತುವೆ ಕಟ್ಟಿಸಿದ, ಬಿರುಗಾಳಿ ಬಂದು ಕಿತ್ಕೊಂಡು ಹೋಯ್ತು. ನೀರಿಗೆ 300 ಏಟು ಹೊಡೀರಿ, ಒಂದು ಜೊತೆ ಬೇಡಿ ಎಸೀರಿ ಅಂದ. ಹೆರೊಡೋಟಸ್ ಬರೆದಿದಾನೆ. ಆದರೆ ಆ ಜಾಗದಲ್ಲಿ ಅವನು ಹಾಕಿರೋ ಪದ 'ಅತಾಸ್ಥಲ', ಉದ್ಧಟತನದ ಮಾತು ಅಂತ. ನಿನ್ನ ಪದ ಅಲ್ಲ. ಅದು ಬಿಡು. ಅದರ ಮುಂದಿನ ಸಾಲು ಯಾರೂ ಹೇಳಲ್ಲ. ಸೇತುವೆ ಕೆಲಸದ ಉಸ್ತುವಾರಿ ಇದ್ದೋರ ತಲೆ ತೆಗೆಸಿದ. ಸಮುದ್ರಕ್ಕೆ ಏನೂ ಆಗಲಿಲ್ಲ, ಈಗಲೂ ಟರ್ಕಿಯಲ್ಲಿ ಡಾರ್ಡನೆಲ್ಸ್ ಅಂತ ಹೆಸರಿಟ್ಕೊಂಡು ಹಾಯಾಗಿದೆ. ತಲೆ ಹೋದೋರ ಹೆಸರೂ ಅಲ್ಲಿಲ್ಲ. 2500 ವರ್ಷದಿಂದ ಲೋಕವೆಲ್ಲ ಸಮುದ್ರಕ್ಕೆ ಅಯ್ಯೋ ಅಂತಿದೆ."

"ನಮ್ಮಲ್ಲಾಗಿದ್ರೆ ತನಿಖಾ ಸಮಿತಿ ಸಮುದ್ರವನ್ನೇ ಸಾಕ್ಷಿಗೆ ಕರೀತಿತ್ತು," ಅಂತ ಗುಂಡ, ಎಂಟನೆಯದಕ್ಕೆ ಕೈಹಾಕುತ್ತಾ.

"ಅದೇ ಜರ್ಕ್ಸಿಸ್ ಬಗ್ಗೆ ಈ ಪದ ಆಡಿದೋನು ಎಸ್ಕಿಲಸ್. ಗ್ರೀಕರ ಕೈಲಿ ಜರ್ಕ್ಸಿಸ್ ಸೋತ ಸಲಾಮಿಸ್ ಕದನ ಆಗಿ ಎಂಟು ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, 'ಪರ್ಷಿಯನ್ನರು' ಅಂತ ನಾಟಕ ಆಡಿಸಿದ. ಅದರಲ್ಲಿ ದೊರೆಯ ಸತ್ತ ಅಪ್ಪ ಡೇರಿಯಸ್ ಗೋರಿಯಿಂದ ದೆವ್ವವಾಗಿ ಎದ್ದು ಬಂದು ಮಗನ ಕಥೆ ಕೇಳ್ತಾನೆ. ಅವನು ಹೇಳೋದು ಏನು ಗೊತ್ತಾ? ಹ್ಯೂಬ್ರಿಸ್ ಹೂವಾಯ್ತು, ಕೇಡಿನ ತೆನೆ ಕಟ್ತು, ಕೊಯ್ಲಿಗೆ ಹೋದ್ರೆ ಬರೀ ಕಣ್ಣೀರು ಅಂತ. ರೆಕ್ಕೆ ಇಲ್ಲ, ಸೂರ್ಯ ಇಲ್ಲ. ಹೊಲದ ಮಾತು."

"ಅದಕ್ಕೇ 'ಹೂ'ಬ್ರಿಸ್!" ಅಂದ ಗುಂಡ. ಯಾರೂ ನಗಲಿಲ್ಲ. ಅವನೇ ನಕ್ಕುಕೊಂಡ.

ಪದ್ದಕ್ಕ ಮಾತ್ರ ನುಗ್ಗೆಮರದ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಹೂವಾದ್ರೆ ಸಾಕಿತ್ತು. ಇದು ಮೂರು ವರ್ಷದಿಂದ ಬರೀ ಸೊಪ್ಪೇ."

"ಏನೇನು ಹಾಕಿದೀರಿ ಬುಡಕ್ಕೆ?"

"ಸಗಣಿ ಗೊಬ್ಬರ, ಬೇವಿನ ಹಿಂಡಿ, ಅಕ್ಕಿ ತೊಳೆದ ನೀರು, ಮೇಲೆ ಇವ್ರು ಗುಟ್ಟಾಗಿ ಯೂರಿಯಾ."

"ಮತ್ತೆ! ಸೊಕ್ಕಿದೆ," ಅಂದರು ಶಾಮಣ್ಣ. ಆಮೇಲೆ ಯಾರೋ ಬೆನ್ನಿಗೆ ಗುದ್ದಿದ ಹಾಗೆ ನೆಟ್ಟಗೆ ಕೂತರು. "ಕೇಳಿದ್ರಾ ನಾನಂದಿದ್ದು? ಸೊಕ್ಕಿದೆ! ಮರಕ್ಕೆ! ನಾಣಿ, ಇದನ್ನ ನಿನ್ನ ಲಿಂಕ್ಡ್‌ಇನ್‌ನಲ್ಲಿ ಬರಿ. ಅರಿಸ್ಟಾಟಲ್‌ನ ಶಿಷ್ಯ ತಿಯೋಫ್ರಾಸ್ಟಸ್ ಗಿಡಮರಗಳ ಮೇಲೆ ದೊಡ್ಡ ಗ್ರಂಥ ಬರೆದಿದಾನೆ. ಬಾದಾಮಿ ಮರ ಎಲೆಯಲ್ಲೇ ಮೆರೆದು ಕಾಯಿ ಬಿಡದಿದ್ರೆ ಕಾಂಡಕ್ಕೆ ಕಬ್ಬಿಣದ ಗೂಟ ಹೊಡೀತಾರೆ, ಅದನ್ನ ಮರಕ್ಕೆ ಶಿಕ್ಷೆ ಕೊಡೋದು ಅಂತಾರೆ, ಯಾಕಂದ್ರೆ ಮರ ಹ್ಯೂಬ್ರಿಸ್ ಮಾಡ್ತಿರುತ್ತೆ ಅಂತ. ಇದೇ ಪದ! ಗಿಡಕ್ಕೆ! ನಮ್ಮ ರೈತರು ಯೂರಿಯಾ ಜಾಸ್ತಿಯಾದ ಬೆಳೆ ನೋಡಿ ಅನ್ನೋದೂ ಸೊಕ್ಕಿದೆ ಅಂತ, ಹೋರಿಗೂ ಸೊಕ್ಕು ಅಂತ, ಪಕ್ಕದ ಮನೆ ಹುಡುಗನಿಗೂ ಸೊಕ್ಕು ಅಂತ. ಗ್ರೀಕರದ್ದೂ ಅದೇ ಲೆಕ್ಕ."

"ಕೊಬ್ಬು ಅಂತಾನೂ ಅಂತೀವಿ," ಅಂದೆ ನಾನು.

"ಅದಕ್ಕಿಂತ ಒಳ್ಳೇ ತರ್ಜುಮೆ ಇಲ್ಲ. ಸೋಲನ್ ಅಂತ, ಕ್ರಿ.ಪೂ. 594ರ ಸುಮಾರಿಗೆ ಅಥೆನ್ಸಿಗೆ ಕಾನೂನು ಬರೆದುಕೊಟ್ಟೋನು, ಪದ್ಯವನ್ನೂ ಕಟ್ತಿದ್ದ. ಅವನ ಪ್ರಕಾರ ಹ್ಯೂಬ್ರಿಸ್ ಹುಟ್ಟೋದು ಕೊರೋಸ್ ಹೊಟ್ಟೇಲಿ. ಕೊರೋಸ್ ಅಂದ್ರೆ ತಿಂದು ಜಾಸ್ತಿಯಾಗೋದು, ಸಾಕು ಸಾಕು ಅನ್ನಿಸೋಷ್ಟು ತುಂಬೋದು. ತಲೆ ನೆಟ್ಟಗಿಲ್ಲದೋನಿಗೆ ಐಶ್ವರ್ಯ ಮೇಲೆ ಬಿದ್ರೆ ಆಗೋದು ಇದು. ನಮ್ಮಜ್ಜಿ ಸೋಲನ್‌ನ ಓದಿರಲಿಲ್ಲ, ಆದ್ರೂ 'ಉಂಡು ಕೊಬ್ಬಿದೋನೆ' ಅಂತಲೇ ಬೈತಿದ್ಲು. ಅರಿಸ್ಟೊಫೇನಿಸ್‌ನ 'ಕಣಜದ ಹುಳಗಳು' ಅನ್ನೋ ನಾಟಕದಲ್ಲಿ, ಕ್ರಿ.ಪೂ. 422ರದ್ದು ಅದು, ಒಬ್ಬ ಮುದುಕ ಔತಣಕ್ಕೆ ಹೋಗಿ ಎಲ್ಲರಿಗಿಂತ ದೊಡ್ಡ ಹ್ಯೂಬ್ರಿಸ್ ಆಸಾಮಿ ಆಗ್ತಾನೆ. ಹೆಂಗೆ? ಕುಣೀತಾನೆ, ಹಾರ್ತಾನೆ, ಹೂಸು ಬಿಡ್ತಾನೆ, ಕಂಡೋರನ್ನೆಲ್ಲ ಗೇಲಿ ಮಾಡ್ತಾನೆ, ಹುರಿದ ಬಾರ್ಲಿ ಮೇಯ್ದ ಕತ್ತೆಮರಿ ಹಾಗೆ."

ಎಲ್ಲರೂ ಗುಂಡನ ಕಡೆ ನೋಡಿದೆವು. ಅವನ ತಟ್ಟೆಯಲ್ಲಿ ಆ ಹೊತ್ತಿಗೆ ಮೂರು ಉಳಿದಿತ್ತು, ಹೊಟ್ಟೆಯೊಳಗೆ ಐದು. "ನನ್ನನ್ಯಾಕೆ ನೋಡ್ತೀರಿ? ನಾನು ನಿಷ್ಪಕ್ಷಪಾತಿ," ಅಂದ, ಸಣ್ಣಗೆ ತೇಗುತ್ತಾ.

ನಾಣಿ ಫೋನು ಕೆಳಗಿಟ್ಟಿದ್ದ, ಅದೇ ದೊಡ್ಡ ವಿಷಯ. "ಇಷ್ಟು ಹಟ್ಟಿ ಹೊಲದ ಪದ ನಮ್ಮ ಬೋರ್ಡ್‌ರೂಮಿಗೆ ಹೆಂಗೆ ಬಂತು ಮತ್ತೆ?"

"ಇಂಗ್ಲೆಂಡಿನ ಕಾಲೇಜು ಹುಡುಗರ ಪೋಲಿಭಾಷೆಯಿಂದ. ಇಂಗ್ಲಿಷಿನಲ್ಲಿ ಈ ಪದಕ್ಕೆ ಸಿಗೋ ಹಳೇ ದಾಖಲೆ 1884ರ ಒಂದು ಪತ್ರಿಕೆಯದು. ದೊಡ್ಡ ಮನೆ ಹುಡುಗರು, ಹುಟ್ಟಿದಾಗಿಂದ ಎಲ್ಲರೂ ಸಲಾಮು ಹೊಡೆದಿದಾರೆ, ಯಾರೂ ಗದರಿಲ್ಲ, ಆರೋಗ್ಯ ಉಕ್ತಾ ಇದೆ. ಅಂಥೋರಿಗೆ ಬರೋ ಮೇಲ್ಮಟ್ಟದ ಧಿಮಾಕಿಗೆ ವಿಶ್ವವಿದ್ಯಾಲಯದೋರು ಹೀಗಂತಾರೆ ಅಂತ ಬರೆದಿದಾರೆ. ಅಲ್ಲಿವರೆಗೂ ಪರವಾಗಿರಲಿಲ್ಲ. ಕೊಬ್ಬಿದ ಹುಡುಗರು ಅಂತಲೇ ಅರ್ಥ ಇತ್ತು. ಆಮೇಲೆ ಯಾವಾಗಲೋ ದೊಡ್ಡೋರು ಬಿದ್ದಾಗ ಹೊದಿಸೋ ಶಾಲು ಆಗೋಯ್ತು. ಈಗ ಕಾಯಿಲೆಯೂ ಆಗಿದೆ. ಗುಂಡ ಮೊದಲೇ ಅಂದ್ನಲ್ಲ, ಅಡ್ಮಿಟ್ ಮಾಡಿದಾರಾ ಅಂತ. ಡೇವಿಡ್ ಓವೆನ್ ಅಂತ, ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆಗಿದ್ದೋರು, ಓದಿದ್ದು ಡಾಕ್ಟರಿಕೆ. ಇನ್ನೊಬ್ಬರ ಜೊತೆ ಸೇರಿ 2009ರಲ್ಲಿ ಇದಕ್ಕೆ 14 ಲಕ್ಷಣ ಪಟ್ಟಿ ಮಾಡಿದರು. ತನ್ನನ್ನ ತಾನೇ 'ನಾವು' ಅನ್ನೋದೂ ಅದರಲ್ಲೊಂದು."

"ನಮ್ಮ ಬೀದಿ ಅಸೋಸಿಯೇಷನ್ ಸೆಕ್ರೆಟರಿ 'ನಾವು ಮೊನ್ನೆ ಚರಂಡಿಗೆ ಇಳಿದಿದ್ದೆವು' ಅಂತಾರೆ. ಇಳಿದಿದ್ದು ಇಬ್ಬರು ಕೂಲಿಯೋರು," ಅಂದರು ಪದ್ದಕ್ಕ.

"ನೋಡಿ! ಚರಂಡಿಗೆ ಇಳಿದೋರು ಯಾರು ಅಂತ ಕೇಳಿದ್ದು ಇಲ್ಲಿವರೆಗೆ ನೀವೊಬ್ಬರೇ. ಅಥೆನ್ಸಿನ ಕಾನೂನೂ ಅದನ್ನೇ ಕೇಳ್ತಿತ್ತು. ಅಲ್ಲಿ ಹ್ಯೂಬ್ರಿಸ್ ಒಂದು ಗುಣ ಅಲ್ಲ, ಕೇಸು. ಮಾಡಿದೋನು ಬಿದ್ದನಾ ಎದ್ದನಾ ಅನ್ನೋದು ಬೇಕಿಲ್ಲ. ಮಾಡಿಸ್ಕೊಂಡೋನು ಯಾರು? ಗಂಡಸಾಗಲಿ, ಹೆಂಗಸಾಗಲಿ, ಮಗುವಾಗಲಿ, ಸ್ವತಂತ್ರನಾಗಲಿ, ಗುಲಾಮನಾಗಲಿ, ಯಾರಿಗೆ ಮಾಡಿದ್ರೂ ಕೇಸು ಅಂತ ಬರೆದಿತ್ತು."

"ಗುಲಾಮನಿಗೂನಾ?"

"ಕಾಗದದ ಮೇಲೆ. ಕಾನೂನಿನ ಮಾತು ನಾನು ಹೇಳ್ತಿರೋದು, ನಡೆದ ಮಾತಲ್ಲ. ಗುಲಾಮನೇ ಬಂದು ಕೇಸು ಹಾಕೋ ಹಾಗಿರಲಿಲ್ಲ, ಯಾವ ನಾಗರಿಕ ಬೇಕಾದ್ರೂ ಅವನ ಪರ ಹಾಕಬಹುದಿತ್ತು. ಮತ್ತೆ ಸುಮ್ಮನೆ ಹಾಕೋ ಹಾಗೂ ಇಲ್ಲ. ಐದರಲ್ಲೊಂದು ಪಾಲು ವೋಟೂ ಬೀಳದಿದ್ರೆ ಹಾಕಿದೋನಿಗೇ 1000 ದ್ರಾಕ್ಮ ದಂಡ. ಶಿಕ್ಷೆ ಇಷ್ಟೇ ಅಂತ ಮೊದಲೇ ಗೊತ್ತುಮಾಡಿರಲಿಲ್ಲ, ಕೋರ್ಟೇ ತೂಗಿ ಹೇಳ್ತಿತ್ತು."

"ಅಂಬೊಡೆ ದಂಡಾನೂ ಹಾಗೇ ತೂಗಿ ಹೇಳ್ಬೇಕು," ನಾಣಿ ಚುರುಕಾದ. "ನನ್ನ ಶಿಕ್ಷೆ ನಾನೇ ಸೂಚಿಸ್ತೀನಿ. ನನಗೆ ಇನ್ನೂ ನಾಲ್ಕು ಅಂಬೊಡೆ ತಿನ್ನಿಸಬೇಕು."

"ಸಾಕ್ರಟೀಸ್ ಕ್ರಿ.ಪೂ. 399ರಲ್ಲಿ ಇದೇ ಪಟ್ಟು ಹಾಕಿದ. ತಪ್ಪಿತಸ್ಥ ಅಂತ ತೀರ್ಪಾಗಿದೆ, ನೀನೇ ಶಿಕ್ಷೆ ಸೂಚಿಸು ಅಂದ್ರೆ, ಸರ್ಕಾರಿ ಖರ್ಚಲ್ಲಿ ಊಟ ಹಾಕಿ ಅಂದ. ಊಟ ಬರಲಿಲ್ಲ, ಕುಡಿಯೋಕೆ ಬಂತು."

ನಾಣಿ ತನ್ನ ಎರಡು ಅಂಬೊಡೆಯಲ್ಲಿ ಒಂದನ್ನು ಬೇಗ ಬಾಯಿಗೆ ಹಾಕಿಕೊಂಡ.

"ಹೋಗ್ಲಿ, ಆ ಕೇಸು ಅಂದ್ರೆ ಏನು? ಹೊಡೆದ್ರೆ ಹ್ಯೂಬ್ರಿಸ್ಸಾ?" ಅಂತ ನಾನೇ ಬಾಯಿತಪ್ಪಿ ಕೇಳಿಬಿಟ್ಟೆ. ಪದ್ದಕ್ಕ ಒಂದು ಅಂಬೊಡೆ ಎತ್ತಿ ಗುಂಡನಿಗೆ ಹಾಕಿದರು. ಕೇಳಿದ್ದಕ್ಕೂ ದಂಡವಾ ಅಂದರೆ, ತಪ್ಪಾಗಿ ಕೇಳಿದ್ದಕ್ಕೆ ಅಂದರು. ಅವರಿಗೆ ಆಗಲೇ ವಿಷಯ ಹತ್ತಿತ್ತು.

"ಹೊಡೆಯೋದಲ್ಲ. ಹೊಡೆದು ಖುಷಿಪಡೋದು," ಅಂದರು ಶಾಮಣ್ಣ. "ಅರಿಸ್ಟಾಟಲ್ ಬಿಡಿಸಿ ಹೇಳಿದಾನೆ. ಎದುರಿನೋನಿಗೆ ನಾಚಿಕೆಗೇಡಾಗೋ ಹಾಗೆ ಏನಾದ್ರೂ ಮಾಡೋದು ಅಥವಾ ಆಡೋದು. ಅದರಿಂದ ನಮಗೇನೋ ಸಿಗ್ಲಿ ಅಂತಲ್ಲ. ಅವನು ಮೊದಲು ನಮಗೇನೋ ಮಾಡಿದ್ದ ಅಂತಲೂ ಅಲ್ಲ, ಹಾಗಿದ್ರೆ ಅದು ಸೇಡು. ಬರೀ ಮಜಕ್ಕೆ. ಅವನನ್ನ ಕೆಳಗೆ ಹಾಕಿದ್ರೆ ನಾನು ಮೇಲಾದೆ ಅನ್ನೋ ಮಜ. ಇದು ಹೆಚ್ಚು ಇರೋದು ಹುಡುಗರಲ್ಲಿ, ದುಡ್ಡಿರೋರಲ್ಲಿ ಅಂತಾನೂ ಬರೆದಿದಾನೆ."

ಆಮೇಲೆ ಅವರು ಹೇಳಿದ್ದು ಅರಿಸ್ಟನ್ ಅನ್ನುವ ಹುಡುಗನ ಕೇಸು. ಇವರ ಮೆಚ್ಚಿನ ಫೈಲು ಅದು ಅಂತ ಹೇಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಕ್ರಿ.ಪೂ. ನಾಲ್ಕನೇ ಶತಮಾನ. ಗಡಿ ಕಾವಲಿಗೆ ಹೋಗಿದ್ದಾಗ ಪಕ್ಕದ ಡೇರೆಯಲ್ಲಿ ಕೋನನ್ ಎಂಬುವನ ಮಕ್ಕಳು. ಹಗಲಿಂದಲೇ ಕುಡಿತ. ಇವನ ಆಳುಗಳ ಮೇಲೆ ಉಚ್ಚೆಪಾತ್ರೆ ಸುರಿಯುವುದು, ಹೊಡೆಯುವುದು. ಇವನು ದಂಡನಾಯಕನಿಗೆ ದೂರು ಕೊಟ್ಟ, ಅಲ್ಲಿಂದ ಹಗೆ. ಊರಿಗೆ ಬಂದಮೇಲೆ ಒಂದು ಸಂಜೆ ಗೆಳೆಯನ ಜೊತೆ ಅಗೋರಾದಲ್ಲಿ ಅಡ್ಡಾಡುತ್ತಿದ್ದ. ಅಗೋರಾ ಅಂದರೆ ಪೇಟೆಚೌಕ. ಕೋನನ್‌ನ ಮಗ ಕುಡಿದು ಎದುರಾದ, ಏನೋ ಗೊಣಗಿ ಮುಂದೆ ಹೋದ, ಬಟ್ಟೆ ಒಗೆಯುವವನೊಬ್ಬನ ಮನೆಯಲ್ಲಿ ಕುಡಿಯುತ್ತಾ ಕೂತಿದ್ದ ಅಪ್ಪನನ್ನೂ ಪಟಾಲಮ್ಮನ್ನೂ ಕರೆದುಕೊಂಡು ಬಂದ. ಮೇಲುಬಟ್ಟೆ ಕಿತ್ತರು, ಕಾಲುಕೊಟ್ಟು ಕೆಸರಿಗೆ ಕೆಡವಿದರು, ಮೇಲೆ ಹತ್ತಿ ತುಳಿದರು. ತುಟಿ ಸೀಳಿತು, ಕಣ್ಣು ಮುಚ್ಚಿಹೋಯಿತು.

"ಅಷ್ಟು ಹೊತ್ತಿಗೆ ಆ ಕೋನನ್," ಶಾಮಣ್ಣ ಕುರ್ಚಿಯ ಅಂಚಿಗೆ ಬಂದಿದ್ದರು, "ಐವತ್ತು ದಾಟಿದ ಮನುಷ್ಯ, ಗೆದ್ದ ಕಾಳಗದ ಹುಂಜದ ಹಾಗೆ ಕೂಗೋಕೆ ಶುರುಮಾಡಿದ. ಜೊತೆಯೋರು, ರೆಕ್ಕೆ ಬಡಿ ರೆಕ್ಕೆ ಬಡಿ ಅಂದ್ರು. ಮೊಣಕೈಯನ್ನ ಪಕ್ಕೆಗೆ ಪಟಪಟ ಹೊಡ್ಕೊಂಡ."

ಗುಂಡನಿಗೆ ಇಷ್ಟು ಸಾಕಾಯಿತು. ಒಂಬತ್ತು ಅಂಬೊಡೆಯ ಒಡೆಯ ಎದ್ದು ನಿಂತ. ನಾಣಿಯ ತಟ್ಟೆಯಲ್ಲಿ ಪುಡಿ ಬಿಟ್ಟು ಬೇರೇನಿರಲಿಲ್ಲ. ಅದರ ಮುಂದೆ ನಿಂತು ಎರಡೂ ಮೊಣಕೈ ಮಡಿಚಿ ಪಕ್ಕೆಗೆ ಬಡಿಯುತ್ತಾ, "ಕೊಕ್ಕೋ ಕೋ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಎದುರುಮನೆಯ ನಾಯಿ ಬೊಗಳಿತು. ಪದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು, ನಾನು ನಕ್ಕೆ, ಕೊನೆಗೆ ನಾಣಿಯೂ ನಕ್ಕ. ಅವನ ನಗು ಮಾತ್ರ ನಮ್ಮದಕ್ಕಿಂತ ಒಂದು ಕ್ಷಣ ತಡವಾಗಿ ಬಂತು.

ಶಾಮಣ್ಣ ನಗಲಿಲ್ಲ.

"ಮುಂದೇನಾಯ್ತು?" ಅಂತ ಕೇಳಿದೆ.

"ದೊಡ್ಡೋರು ಬುದ್ಧಿ ಹೇಳಿದ್ರು. ನೀನು ಚಿಕ್ಕ ಹುಡುಗ, ಹ್ಯೂಬ್ರಿಸ್ ಕೇಸು ನಿನ್ನ ಕೈಲಿ ಹೊರೋಕಾಗಲ್ಲ, ಬರೀ ಹೊಡೆದ ಕೇಸು ಹಾಕು ಅಂತ. ಹಾಗೇ ಹಾಕಿದ. ಡೆಮಾಸ್ತನೀಸ್ ಅನ್ನೋ ದೊಡ್ಡ ವಾಗ್ಮಿ, ಅವನು ಕೋರ್ಟಲ್ಲಿ ಆಡೋಕೆ ಭಾಷಣ ಬರ್ಕೊಟ್ಟ. ಭಾಷಣ ಉಳೀತು, ತೀರ್ಪು ಉಳಿದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರೇ ಮುಂದುವರಿಸಿದರು.

"ನಾನಾಗ ತಾಲೂಕು ಕೋರ್ಟಲ್ಲಿ ಬೆಂಚ್ ಕ್ಲರ್ಕು. ನಮ್ಮ ಫಿರ್ಯಾದುಗಳೆಲ್ಲ ಒಂದೇ ಅಚ್ಚು ನೋಡಿ, 'ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಗಳಿಂದ ಹೊಡೆದು'. ಐಪಿಸಿ ಸೆಕ್ಷನ್ 504, 323. ಈಗ ನಂಬರು ಬದಲಾಗಿದೆ, ಅಚ್ಚು ಅದೇ. ಒಬ್ಬ ಮುದುಕ ಬಂದ, ಸಂತೇಲಿ ಕಡ್ಲೆಕಾಯಿ ಮಾರೋನು. ಯಾವುದೋ ದುಡ್ಡಿದ್ದ ಮನೆ ಹುಡುಗರು ನಾಲ್ಕು ಜನ, ಸಂತೆ ಮುಗಿಸ್ಕೊಂಡು ಹೋಗ್ತಿದ್ದೋನ ರುಮಾಲು ಕಿತ್ತು, ರಸ್ತೆಬದಿ ಮೈಲಿಗಲ್ಲಿಗೆ ಸುತ್ತಿ, ಆ ಕಲ್ಲಿಗೆ 'ನಮಸ್ಕಾರ ಗೌಡ್ರೇ' ಅಂತ ಕೈಮುಗಿದು ನಕ್ಕಿದಾರೆ. ಕೊಡ್ರಪ್ಪ ಅಂದಿದ್ದಕ್ಕೆ ಕಪಾಳಕ್ಕೆ ಒಂದು ಏಟು. ಒಂದೇ.

"ಗಾಯ ಇದೆಯಾ ಅಂತ ಲಾಯರು ಕೇಳಿದ. ಇಲ್ಲ. ರಕ್ತ ಬಂತಾ? ಇಲ್ಲ. ಎಷ್ಟು ಏಟು? ಒಂದು. ಸಾಹೇಬ್ರು ಡಿಕ್ಟೇಟ್ ಮಾಡಿದ್ರು, 'ಆರೋಪಿಯು ನನ್ನ ಎಡಕೆನ್ನೆಗೆ ಕೈಯಿಂದ ಹೊಡೆದಿರುತ್ತಾನೆ.' ಟೈಪಿಸ್ಟು ಹೊಡೀತಾ ಇದ್ದ. ಮುದುಕ ಕಟಕಟೆಯಿಂದ ನನ್ನ ಕಡೆ ಬಗ್ಗಿ, ಸ್ವಾಮಿ, ಏಟು ಹೋಗ್ಲಿ ಬಿಡಿ, ನಕ್ರು ಅಂತ ಬರ್ಕೊಳ್ಳಿ ಅಂದ."

ಗುಂಡ ಕೂತುಕೊಂಡ.

"ಬರ್ಕೊಂಡ್ರಾ?" ಅಂದರು ಪದ್ದಕ್ಕ.

"ನಾನು ಸಾಹೇಬ್ರ ಮುಖ ನೋಡಿದೆ. ಅವರು ಗಡಿಯಾರ ನೋಡಿದ್ರು. ನಗೋದಕ್ಕೆ ಯಾವ ಸೆಕ್ಷನ್ನು? ಮುಂದಿನ ತಾರೀಕಿಗೆ ರಾಜಿ ಆಯ್ತು. ಹುಡುಗರ ಕಡೆಯೋರು ಹೊಸ ರುಮಾಲು ತಂದಿದ್ರು, ಜರಿ ಅಂಚಿಂದು, ಅಲ್ಲೇ ವರಾಂಡದಲ್ಲಿ ಕೊಟ್ರು. ಅವನು ಸುತ್ತಲಿಲ್ಲ. ಮಡಿಚಿ ಕಂಕುಳಲ್ಲಿಟ್ಕೊಂಡು, ಬರಿತಲೇಲೇ ಮೆಟ್ಟಿಲು ಇಳಿದು ಹೋದ. ಬಿಸಿಲಿತ್ತು."

ಕೆಳಗೆ ಕುಕ್ಕರ್ ಒಂದು ಸೀಟಿ ಹಾಕಿತು. ಯಾರೂ ಏಳಲಿಲ್ಲ.

"ರಿಟೈರಾಗಿ ಎರಡು ವರ್ಷಕ್ಕೆ ಅದೇ ಡೆಮಾಸ್ತನೀಸನ ಇನ್ನೊಂದು ಭಾಷಣ ಓದಿದೆ. ಇದು ಅವನದೇ ಕೇಸು. ಕ್ರಿ.ಪೂ. 348ರ ಸುಮಾರು, ಡಯೊನೈಸಸ್ ದೇವರ ಹಬ್ಬ, ನಾಟಕಶಾಲೆ ತುಂಬಾ ಜನ. ಮೇಡಿಯಸ್ ಅನ್ನೋ ಸಾಹುಕಾರ ಎಲ್ಲರೆದುರಿಗೆ ಇವನ ಕೆನ್ನೆಗೆ ಬಾರಿಸಿದ. ಇವನು ಬರೀತಾನೆ, ಹೊಡೆಯೋನು ಮಾಡೋದರಲ್ಲಿ ಎಷ್ಟೋ ಇರುತ್ತೆ, ಹೊಡೆಸಿಕೊಂಡೋನು ಅದನ್ನ ಇನ್ನೊಬ್ಬರಿಗೆ ಹೇಳೋಕೂ ಆಗಲ್ಲ, ಅವನು ನಿಂತ ಭಂಗಿ, ನೋಡಿದ ನೋಟ, ಆ ದನಿ. ಅಲ್ಲಿಗೆ ಪುಸ್ತಕ ಮುಚ್ಚಿದೆ ನಾನು. ಅವತ್ತು ಊಟ ಸೇರಲಿಲ್ಲ."

"ಅವನಾದ್ರೂ ಗೆದ್ನಾ?" ನಾಣಿ ಕೇಳಿದ.

"30 ಮಿನಾ ತಗೊಂಡು ಕೇಸು ಬಿಟ್ಟ ಅಂತ ಈಸ್ಕಿನಿಸ್ ಹೇಳ್ತಾನೆ. ಈಸ್ಕಿನಿಸ್ ಇವನ ಶತ್ರು, ಅದರಲ್ಲಿ ಎಷ್ಟು ನಿಜವೋ." ಶಾಮಣ್ಣ ಕನ್ನಡಕ ಹಾಕಿಕೊಂಡರು. "30 ಮಿನಾ ಅಂದ್ರೆ 3000 ದ್ರಾಕ್ಮ. ರುಮಾಲಿಗಿಂತ ಜಾಸ್ತಿಯೇ."

ನಾಣಿ ಫೋನು ತೆಗೆದ, ಒಳಗೆ ಏನೋ ನೋಡಿದ, ಮತ್ತೆ ಇಟ್ಟ. "ಆ ಕಂಪನಿಯಲ್ಲಿ ಸೋಮವಾರ ಸೋಮವಾರ ಮೀಟಿಂಗು ಇರ್ತಿತ್ತು. ಕಮ್ಮಿ ಕೆಲಸ ಮಾಡಿದೋರ ಹೆಸರು ಪರದೆ ಮೇಲೆ ಹಾಕಿ, ಪಕ್ಕದಲ್ಲಿ ಆಮೆ ಚಿತ್ರ. ಯಜಮಾನ ನಗೋನು. ನಾವೂ ನಗ್ತಿದ್ವಿ." ಸ್ವಲ್ಪ ತಡೆದು, "ನನ್ನ ಹೆಸರು ಎರಡು ಸಲ ಬಂದಿತ್ತು," ಅಂದ.

"ಆಗ ಬರಿಬೇಕಿತ್ತು ಕಣೋ, ಹ್ಯೂಬ್ರಿಸ್, ಫುಲ್‌ಸ್ಟಾಪ್ ಅಂತ," ಅಂದರು ಶಾಮಣ್ಣ.

"ಆಗ ಅವನು ವಿಷನರಿ ಆಗಿದ್ದ."

"ಡಿಲೀಟ್ ಮಾಡ್ತೀಯಾ ಹಾಗಾದ್ರೆ?" ಅಂದ ಗುಂಡ.

"ಬೇಡ ಬಿಡು," ಅಂದರು ಶಾಮಣ್ಣ. "ಲೈಕ್ ಕೊಟ್ಟ 400 ಜನಕ್ಕೆ ಅವಮಾನ ಮಾಡಿದ ಹಾಗಾಗುತ್ತೆ. ಅದಕ್ಕೂ ಕೇಸಿದೆ."

ಗುಂಡ ತನ್ನ ತಟ್ಟೆಯಲ್ಲಿ ಮಿಕ್ಕಿದ್ದ ಒಂದು ಅಂಬೊಡೆಯನ್ನು ನಾಣಿಯ ತಟ್ಟೆಗೆ ದೂಡಿದ. "ಆರಿಹೋಗಿದೆ ಕಣೋ," ಅಂತಲೂ ಸೇರಿಸಿದ, ಎಲ್ಲಿ ಒಳ್ಳೆಯವನು ಅನ್ನಿಸಿಕೊಂಡುಬಿಡುತ್ತೇನೋ ಅನ್ನುವ ಭಯದಲ್ಲಿ.

ಪದ್ದಕ್ಕ ಕೆಳಗೆ ಹೋಗಿದ್ದವರು ಸುತ್ತಿಗೆ ಹಿಡಿದು ಬಂದರು. ಹಿಂದೆಯೇ 'ಇವ್ರು', ಕೈಯಲ್ಲೊಂದು ಡಬ್ಬಿ ತುಂಬ ತುಕ್ಕು ಹಿಡಿದ ಮೊಳೆ. ಯೂರಿಯಾ ಹಾಕಿದ್ದು ಬಯಲಾಗಿತ್ತೋ ಏನೋ, ಮುಖ ಸಪ್ಪಗಿತ್ತು.

"ಶಾಮಣ್ಣ, ಎಷ್ಟಿಂಚಿಂದು ಹೊಡೀಬೇಕು?"

"ತಿಯೋಫ್ರಾಸ್ಟಸ್ ಇಂಚು ಹೇಳಿಲ್ಲ."

ಪದ್ದಕ್ಕ ಮರದ ಹತ್ತಿರ ಹೋಗಿ ಸುತ್ತಿಗೆ ಎತ್ತಿದರು, ಒಂದು ಕೊಂಬೆ ಬಗ್ಗಿಸಿ ನೋಡಿದರು, ಎಳೇ ಸೊಪ್ಪನ್ನು ಬೆರಳಲ್ಲಿ ಹಿಸುಕಿದರು. ಆಮೇಲೆ ಸುತ್ತಿಗೆಯನ್ನು 'ಇವ್ರ' ಕೈಗೆ ಕೊಟ್ಟು, ಮಡಿಲು ಮಾಡಿಕೊಂಡು ಸೊಪ್ಪು ಕೀಳತೊಡಗಿದರು.

"ಹೋಗೋವಾಗ ಒಂದೊಂದು ಕಟ್ಟು ತಗೊಂಡು ಹೋಗ್ರಪ್ಪ," ಅಂದರು. "ಕಾಯಿತುರಿ ಜಾಸ್ತಿ ಹಾಕಿ ಪಲ್ಯ ಮಾಡ್ಕೊಳ್ಳಿ."